ಪ್ರಬಂಧ ಬದಿಗಿಟ್ಟು ಹಕ್ಕಿ ಉಳಿಸಲು ಹೊರಟ ವಿದ್ಯಾರ್ಥಿನಿ

ಪಿಎಚ್.ಡಿ.ಗೆ ನೋಂದಾಯಿಸಿಕೊಂಡ ವಿದ್ಯಾರ್ಥಿ ನಾಲ್ಕೈದು ವರ್ಷಗಳಲ್ಲಿ ಪ್ರಬಂಧ ಒಪ್ಪಿಸಿ ಹೊರಬರುವುದು ವಾಡಿಕೆ. ಅಸ್ಸಾಮಿನ ಗೌಹಾಟಿ ವಿಶ್ವವಿದ್ಯಾನಿಲಯದ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಪೂರ್ಣಿಮಾ ದೇವಿ ಬರ್ಮನ್ ಅವರಿಗೆ ಪದವಿ ಕೈಸೇರಿದ್ದು 2019ರಲ್ಲಿ. ಕ್ಷೇತ್ರಕಾರ್ಯಕ್ಕೆಂದು ಅವರು ಕಾಮರೂಪ ಜಿಲ್ಲೆಯ ಹಳ್ಳಿಗಳಿಗೆ ಕಾಲಿಟ್ಟದ್ದು 2007ರಲ್ಲಿ. ನಡುವಿನ ಹನ್ನೆರಡು ವರ್ಷ ಅವರು ಸುಮ್ಮನೆ ಕುಳಿತಿರಲಿಲ್ಲ. ಅಧ್ಯಯನ ಮಾಡಬೇಕಾಗಿದ್ದ ಹಕ್ಕಿಯೇ ಕಣ್ಣೆದುರು ಇಲ್ಲವಾಗುತ್ತಿರುವುದನ್ನು ಕಂಡು, ಪ್ರಬಂಧವನ್ನು ಬದಿಗಿಟ್ಟು ಮೊದಲು ಆ ಹಕ್ಕಿಯನ್ನು ಉಳಿಸಿಕೊಳ್ಳಲು ಹೊರಟಿದ್ದರು.

ಆ ಕೆಲಸ ಆರಂಭಿಸಿದಾಗ ದಾದರಾ, ಪಚಾರಿಯಾ ಮತ್ತು ಸಿಂಗಿಮಾರಿ ಎಂಬ ಮೂರು ಹಳ್ಳಿಗಳಲ್ಲಿ ಸೇರಿ ಹರ್ಗಿಲಾ ಹಕ್ಕಿಯ 28 ಗೂಡುಗಳಷ್ಟೇ ಇದ್ದವು. 2022ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 'ಚಾಂಪಿಯನ್ಸ್ ಆಫ್ ದಿ ಅರ್ತ್' ಗೌರವವನ್ನು ಪೂರ್ಣಿಮಾ ಅವರಿಗೆ ನೀಡಿದಾಗ ಗೂಡುಗಳ ಸಂಖ್ಯೆ 250 ದಾಟಿತ್ತು. ಈ ಹಕ್ಕಿಯ ಮಟ್ಟಿಗೆ ಜಗತ್ತಿನಲ್ಲೇ ಅತಿದೊಡ್ಡ ಸಂತಾನಾಭಿವೃದ್ಧಿ ನೆಲೆ ಇಂದು ಅದೇ ಮೂರು ಹಳ್ಳಿಗಳು. ಅಳಿವಿನಂಚಿನ ಪ್ರಾಣಿಗಳ ಜಾಗತಿಕ ಕೆಂಪು ಪಟ್ಟಿಯಲ್ಲಿ 'ಅಪಾಯಕ್ಕೊಳಗಾದ' ವರ್ಗದಲ್ಲಿದ್ದ ಹರ್ಗಿಲಾವನ್ನು 2023ರಲ್ಲಿ 'ಅಪಾಯದ ಸಮೀಪ' ಎಂಬ, ತುಸು ನೆಮ್ಮದಿಯ ವರ್ಗಕ್ಕೆ ಸೇರಿಸಲಾಯಿತು.

ಇದು ಹೇಗೆ ಸಾಧ್ಯವಾಯಿತು? ಇಲ್ಲಿ ಅಭಯಾರಣ್ಯ ಘೋಷಣೆಯಾಗಲಿಲ್ಲ, ಬಂದೂಕು ಹಿಡಿದ ಕಾವಲುಗಾರರು ಬರಲಿಲ್ಲ. ಉತ್ತರ ಬೇಕಾದರೆ ಮೊದಲು ಹಕ್ಕಿಯನ್ನೂ, ಅದಕ್ಕಿಂತ ಮುಖ್ಯವಾಗಿ ಅದು ಗೂಡು ಕಟ್ಟುವ ಮರ ಯಾರದ್ದು ಎಂಬುದನ್ನೂ ತಿಳಿಯಬೇಕು.

ಮೂಳೆ ನುಂಗುವ ಹಕ್ಕಿ

ಹರ್ಗಿಲಾ ಕೊಕ್ಕರೆಯ ಕುಟುಂಬಕ್ಕೆ ಸೇರಿದ ಹಕ್ಕಿ. ಹೆಸರಿನ ಅರ್ಥ 'ಮೂಳೆ ನುಂಗುವಂಥದ್ದು'. ಇಂಗ್ಲಿಷರು ಇದನ್ನು 'ಗ್ರೇಟರ್ ಅಡ್ಜುಟೆಂಟ್' ಎಂದು ಕರೆದರು. ಕವಾಯತು ಮೈದಾನದಲ್ಲಿ ಸೆಟೆದು ನಡೆಯುವ ಸೇನಾಧಿಕಾರಿಯ ಗತ್ತು ಅದರ ನಡಿಗೆಯಲ್ಲಿ ಅವರಿಗೆ ಕಂಡಿತ್ತು. ನಿಂತರೆ ಸುಮಾರು ಐದು ಅಡಿ ಎತ್ತರ, ರೆಕ್ಕೆ ಬಿಚ್ಚಿದರೆ ಎಂಟು ಅಡಿ ಅಗಲ. ಬೋಳು ತಲೆ, ಕತ್ತಿನಿಂದ ಜೋಲುವ ಕೆಂಬಣ್ಣದ ಚೀಲ, ಒರಟು ಕೊಕ್ಕು. ನವಿಲಿನಂತೆ, ರಾಜಹಂಸದಂತೆ ಕ್ಯಾಲೆಂಡರಿನಲ್ಲಿ ಅಚ್ಚಾಗುವ ಹಕ್ಕಿ ಇದಲ್ಲ. ಕೆರೆಯ ಮೀನು, ಕಪ್ಪೆಗಳ ಜತೆಗೆ ಸತ್ತ ದನದ ಮಾಂಸವನ್ನೂ ಕಸದ ರಾಶಿಯಲ್ಲಿ ಸಿಗುವ ಎಲುಬನ್ನೂ ಇದು ತಿನ್ನುತ್ತದೆ.

ಹತ್ತೊಂಬತ್ತನೇ ಶತಮಾನದ ಕಲ್ಕತ್ತದಲ್ಲಿ ಈ ಹಕ್ಕಿಗಳು ಸರಕಾರಿ ಕಟ್ಟಡಗಳ ನೆತ್ತಿಯ ಮೇಲೆ ಸಾಲುಗಟ್ಟಿ ನಿಲ್ಲುತ್ತಿದ್ದವು. ಊರಿನ ಹೊಲಸನ್ನು ತಿಂದು ತೇಗುವ ಪುಕ್ಕಟೆ ಪೌರಕಾರ್ಮಿಕರೆಂದು ಬಗೆದು, ಹಕ್ಕಿಯನ್ನು ಕೊಂದವರಿಗೆ ಐವತ್ತು ರೂಪಾಯಿ ದಂಡವನ್ನೂ ಗೊತ್ತುಮಾಡಲಾಗಿತ್ತು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಕಲ್ಕತ್ತ ನಗರಪಾಲಿಕೆಯ ಹಳೆಯ ಲಾಂಛನದಲ್ಲೂ ಎರಡು ಹರ್ಗಿಲಾಗಳಿದ್ದವು. ಇಪ್ಪತ್ತನೇ ಶತಮಾನದಲ್ಲಿ ಜೌಗು ನೆಲಗಳು ಬತ್ತಿದವು, ಎತ್ತರದ ಮರಗಳು ಉರುಳಿದವು, ನಗರದ ನೈರ್ಮಲ್ಯ ವ್ಯವಸ್ಥೆ ಬದಲಾಯಿತು. ಒಂದೊಮ್ಮೆ ಉತ್ತರ ಭಾರತದಿಂದ ಬರ್ಮಾದಾಚೆಗೂ ಹರಡಿದ್ದ ಹಕ್ಕಿ ಈಗ ಗೂಡು ಕಟ್ಟುವುದು ಮುಖ್ಯವಾಗಿ ಅಸ್ಸಾಂ, ಬಿಹಾರದ ಭಾಗಲ್ಪುರದ ಸುತ್ತಲ ಪ್ರದೇಶ ಮತ್ತು ಕಾಂಬೋಡಿಯಾದಲ್ಲಿ ಮಾತ್ರ.

ಹಿತ್ತಿಲ ಮರದ ಲೆಕ್ಕ

ಹುಲಿ, ಆನೆಗಳ ವಿಷಯದಲ್ಲಿ ಸಂರಕ್ಷಣೆ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಕಾಡು, ಕಾಡಿನ ಗಡಿ, ಗಡಿಯಲ್ಲಿ ಗಸ್ತು ತಿರುಗುವ ಅರಣ್ಯ ರಕ್ಷಕ. ಹರ್ಗಿಲಾದ ಕಥೆ ಬೇರೆ. ಅಸ್ಸಾಮಿನಲ್ಲಿ ಅದು ಗೂಡು ಕಟ್ಟುವುದು ಊರೊಳಗೆ, ಜನರ ಹಿತ್ತಿಲಿನಲ್ಲಿರುವ ಕದಂಬ, ಬೂರುಗದಂಥ ಎತ್ತರದ ಮರಗಳ ತುದಿಯಲ್ಲಿ. ಮರ ಖಾಸಗಿ ಸ್ವತ್ತು, ಹಕ್ಕಿ ಸರಕಾರದ ಸ್ವತ್ತು. ಈ ವಿಚಿತ್ರ ಪಾಲುದಾರಿಕೆಯಲ್ಲಿ ನಷ್ಟವೆಲ್ಲ ಮರದ ಒಡೆಯನದು.

ಆತನ ಕಡೆಯಿಂದ ನೋಡಿ. ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಬರುವ ಹಕ್ಕಿಗಳು ಮರಿಗಳು ಹಾರುವವರೆಗೆ, ಅಂದರೆ ಮುಂದಿನ ಬೇಸಿಗೆಯವರೆಗೆ ಜಾಗ ಬಿಡುವುದಿಲ್ಲ. ಅಷ್ಟೂ ತಿಂಗಳು ಮರದ ಕೆಳಗೆ ಹಿಕ್ಕೆ, ಅರ್ಧ ತಿಂದ ಮೀನು, ಕೊಳೆತ ಮಾಂಸ, ಎಲುಬು ಬೀಳುತ್ತಿರುತ್ತವೆ. ಮಕ್ಕಳು ಆಡುವ ಅಂಗಳ, ಬಟ್ಟೆ ಒಣಹಾಕುವ ಹಗ್ಗ, ಕುಡಿಯುವ ನೀರಿನ ತಾವು ಎಲ್ಲವೂ ಅಲ್ಲೇ. ಹಿಕ್ಕೆಯ ನಾತಕ್ಕೆ ನೆಂಟರು ಬರುವುದಿಲ್ಲ. ಸಾಲದ್ದಕ್ಕೆ ಇದು ಅಪಶಕುನದ ಹಕ್ಕಿ, ರೋಗ ತರುವ ಹಕ್ಕಿ ಎಂಬ ನಂಬಿಕೆಯೂ ಇತ್ತು. ಮರ ಕಡಿದರೆ ಕಿರುಕುಳವೂ ತಪ್ಪಿತು, ದಿಮ್ಮಿ ಮಾರಿದ ಹಣವೂ ಬಂತು. ಇದನ್ನು ಕ್ರೌರ್ಯ ಎಂದು ನಗರದಲ್ಲಿ ಕುಳಿತು ಹೇಳುವುದು ಸುಲಭ.

ಕಾನೂನು ಇಲ್ಲವೇ ಎಂದರೆ, ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂಬ ಪದದ ವ್ಯಾಖ್ಯೆಯೊಳಗೇ ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು, ಗೂಡಿಗೆ ತೊಂದರೆ ಕೊಡುವುದು ಸೇರಿದೆ. ಆದರೆ ಗೂಡು ಖಾಲಿಯಿರುವ ಮಳೆಗಾಲದಲ್ಲಿ, ಹಕ್ಕಿ ಬರುವ ಮೊದಲೇ ಒಡೆಯ ತನ್ನ ಮರವನ್ನು ಕಡಿದುಬಿಟ್ಟರೆ ಯಾವ ಮೊಟ್ಟೆಗೂ ಹಾನಿಯಾಗಿರುವುದಿಲ್ಲ. ಮುಂದಿನ ಋತುವಿನಲ್ಲಿ ಬಂದ ಹಕ್ಕಿಗೆ ಕೂರಲು ಜಾಗವೂ ಇರುವುದಿಲ್ಲ. ಕಾಯ್ದೆಯ ಭಯ ಹೆಚ್ಚಿದಷ್ಟೂ ಮರ ಬೇಗ ಬೀಳುವ ಸಾಧ್ಯತೆ ಇರುತ್ತದೆ ಎಂಬುದೇ ಇಲ್ಲಿನ ತೊಡಕು.

ಹಕ್ಕಿಯ ಸ್ವಭಾವವೂ ಈ ತೊಡಕನ್ನು ಹೆಚ್ಚಿಸುತ್ತದೆ. ಹರ್ಗಿಲಾ ಒಂಟಿಯಾಗಿ ಅಲ್ಲ, ಗುಂಪಾಗಿ ಗೂಡು ಕಟ್ಟುತ್ತದೆ. ಒಂದೇ ಮರದಲ್ಲಿ ಹಲವು ಗೂಡುಗಳಿರುತ್ತವೆ. ಒಂದು ಗೂಡಿಗೆ ಎರಡು ಮೂರು ಮೊಟ್ಟೆ, ಕಾವಿಗೆ ಒಂದು ತಿಂಗಳಿಗೂ ಹೆಚ್ಚು ಸಮಯ, ಆಮೇಲೆ ಮರಿ ಹಾರಲು ತಿಂಗಳುಗಟ್ಟಲೆ ಕಾಯಬೇಕು. ವರ್ಷಕ್ಕೆ ಒಂದೇ ಸಂಸಾರ. ಮೂರು ಊರು ಸೇರಿ 28 ಗೂಡುಗಳಿದ್ದಾಗ ಒಂದು ದೊಡ್ಡ ಮರ ಬಿತ್ತೆಂದರೆ ಆ ವರ್ಷದ ಸಂತತಿಯ ದೊಡ್ಡ ಪಾಲೇ ಹೋಯಿತೆಂದು ಅರ್ಥ.

ಒಂಬತ್ತು ಮರಿಗಳು

ಆಗಿದ್ದೂ ಅದೇ. 2007ರಲ್ಲಿ ದಾದರಾ ಗ್ರಾಮದಲ್ಲಿ ಒಬ್ಬರು ತಮ್ಮ ಹಿತ್ತಿಲಿನ ಗೂಡುಗಳಿದ್ದ ಮರವನ್ನು ಕಡಿಸಿದರು. ಒಂಬತ್ತು ಮರಿಗಳು ನೆಲಕ್ಕೆ ಬಿದ್ದವು. ಸುದ್ದಿ ತಿಳಿದು ಬಂದ ಪೂರ್ಣಿಮಾ ಪ್ರಶ್ನಿಸಿದಾಗ ಊರವರು ಆಕೆಯನ್ನೇ ಸುತ್ತುವರಿದು ಗೇಲಿ ಮಾಡಿದರು. ಹಕ್ಕಿಯ ಮೇಲೆ ಅಷ್ಟು ಪ್ರೀತಿಯಿದ್ದರೆ ನೀನೇ ಬಂದು ನಮ್ಮ ಅಂಗಳ ಗುಡಿಸು ಎಂಬರ್ಥದ ಮಾತುಗಳೂ ಬಂದವು. ಆಗ ಅವರ ಅವಳಿ ಹೆಣ್ಣುಮಕ್ಕಳು ಇನ್ನೂ ಎಳೆಯರು. ತಾಯಿಯಾಗಿ ಆ ಮರಿಗಳನ್ನು ನೋಡಿದ್ದು ತಮ್ಮನ್ನು ಬದಲಿಸಿತು ಎಂಬುದನ್ನು ಅವರು ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ.

ಹಕ್ಕಿಯ ಹುಚ್ಚು ಅವರಿಗೆ ವಿಶ್ವವಿದ್ಯಾನಿಲಯದಲ್ಲಿ ಹತ್ತಿದ್ದಲ್ಲ. ಐದನೇ ವಯಸ್ಸಿನಲ್ಲಿ ಅವರನ್ನು ಬ್ರಹ್ಮಪುತ್ರದ ದಂಡೆಯಲ್ಲಿದ್ದ ಅಜ್ಜಿಯ ಮನೆಗೆ ಕಳುಹಿಸಲಾಗಿತ್ತು. ಅಪ್ಪ ಅಮ್ಮನನ್ನು ಬಿಟ್ಟು ಅಳುತ್ತಿದ್ದ ಮಗುವನ್ನು ಸಮಾಧಾನಪಡಿಸಲು, ಬೇಸಾಯಗಾರ್ತಿಯಾದ ಅಜ್ಜಿ ಗದ್ದೆ, ಜೌಗಿನ ಬದಿಗೆ ಕರೆದೊಯ್ದು ಹಕ್ಕಿ ತೋರಿಸುತ್ತಿದ್ದರಂತೆ. ಪ್ರಾಣಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು ಹರ್ಗಿಲಾ ಕುರಿತ ಸಂಶೋಧನೆಗೆ ತೊಡಗಿದಾಗ, ಬಾಲ್ಯದಲ್ಲಿ ಕಂಡ ಹಕ್ಕಿಗಳಲ್ಲಿ ಅನೇಕವು ಕಾಣದಾಗಿದ್ದವು.

ಇಂಥ ಸಂದರ್ಭದಲ್ಲಿ ಒಬ್ಬ ಸಂಶೋಧನಾ ವಿದ್ಯಾರ್ಥಿ ಏನು ಮಾಡಬಹುದು? ಅಂಕಿಅಂಶ ಸಂಗ್ರಹಿಸಿ, ಅವನತಿಯ ನಕ್ಷೆ ಬರೆದು, ಕೊನೆಯ ಅಧ್ಯಾಯದಲ್ಲಿ ಶಿಫಾರಸುಗಳನ್ನು ಪಟ್ಟಿ ಮಾಡಿ ಪದವಿ ಪಡೆಯಬಹುದು. ಅದರಲ್ಲಿ ತಪ್ಪೇನಿಲ್ಲ, ಎಷ್ಟೋ ಉತ್ತಮ ಪ್ರಬಂಧಗಳು ಹಾಗೆಯೇ ಬಂದಿವೆ. ಪೂರ್ಣಿಮಾ ಆ ದಾರಿ ಹಿಡಿಯಲಿಲ್ಲ. ಹಕ್ಕಿಯ ಬದಲು ಮರದ ಒಡೆಯರನ್ನು ಅರಿಯುವುದು ಮೊದಲ ಕೆಲಸವೆಂದು ತೀರ್ಮಾನಿಸಿದರು. ಗುವಾಹಟಿಯ 'ಆರಣ್ಯಕ್' ಎಂಬ ಸ್ವಯಂಸೇವಾ ಸಂಸ್ಥೆ ಅವರ ಕೆಲಸಕ್ಕೆ ನೆಲೆಯಾಯಿತು.

ಹಕ್ಕಿಗೂ ಸೀಮಂತ

ಹಳ್ಳಿಯ ಸಭೆಗೆ ಬರುವವರು ಗಂಡಸರು. ಅಂಗಳ ಗುಡಿಸುವವರು ಹೆಂಗಸರು. ಹಕ್ಕಿಯ ಕಿರುಕುಳವನ್ನು ದಿನನಿತ್ಯ ಅನುಭವಿಸುವವರನ್ನು ಒಲಿಸಿಕೊಳ್ಳದೆ ಮರ ಉಳಿಯದು ಎಂಬುದು ಅವರಿಗೆ ಬೇಗ ಹೊಳೆಯಿತು. ಆದರೆ ವನ್ಯಜೀವಿ ಸಂರಕ್ಷಣೆಯ ಉಪನ್ಯಾಸವಿದೆ ಬನ್ನಿ ಎಂದರೆ ಮನೆಗೆಲಸ ಬಿಟ್ಟು ಯಾರು ಬರುತ್ತಾರೆ? ಹಾಗಾಗಿ ಅಡುಗೆ ಸ್ಪರ್ಧೆಗಳು ನಡೆದವು. ಭಜನೆಗಳಲ್ಲಿ, ಹಬ್ಬಗಳಲ್ಲಿ ಹರ್ಗಿಲಾದ ಮಾತು ಸೇರಿಕೊಂಡಿತು.

ಇವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹೆಸರಾದದ್ದು ಹಕ್ಕಿಯ ಸೀಮಂತ. ಬಸುರಿ ಹೆಣ್ಣಿಗೆ 'ಪಂಚಾಮೃತ' ಎಂಬ ಶಾಸ್ತ್ರ ಮಾಡುವ ರೂಢಿ ಅಸ್ಸಾಮಿನಲ್ಲಿದೆ. ಗೂಡುಕಟ್ಟುವ ಕಾಲ ಬಂದಾಗ ಊರ ಹೆಂಗಸರೆಲ್ಲ ಸೇರಿ ಅದೇ ಶಾಸ್ತ್ರವನ್ನು ಹರ್ಗಿಲಾಗೂ ಮಾಡತೊಡಗಿದರು. ಹೊರಗಿನವರಿಗೆ ಇದು ತಮಾಷೆಯಾಗಿ ಕಾಣಬಹುದು. ಅಪಶಕುನ ಎನಿಸಿಕೊಂಡಿದ್ದ ಹಕ್ಕಿಯನ್ನು ಮನೆಯ ಬಸುರಿಯ ಸ್ಥಾನದಲ್ಲಿ ಕೂರಿಸಿದ ಮೇಲೆ ಅದು ಕುಳಿತ ಮರಕ್ಕೆ ಕೊಡಲಿ ಹಾಕುವುದು ಗಂಡಸರಿಗೆ ಸುಲಭವಾಗಲಿಲ್ಲ ಎಂಬುದನ್ನು ಮರೆಯಬಾರದು. ಗೂಡಿರುವ ಮರಗಳ ಒಡೆಯರನ್ನು ಸಭೆಗೆ ಕರೆದು ಗೌರವಿಸುವ ಪದ್ಧತಿಯೂ ಬೆಳೆಯಿತು. ನಾತದ ಮನೆಯವನೆಂದು ಹಳಿಸಿಕೊಳ್ಳುತ್ತಿದ್ದವನಿಗೆ ಹತ್ತು ಜನರೆದುರು ಗಮೋಸಾ ಹೊದಿಸಿದಾಗ ಮರದ ಬೆಲೆ ಬೇರೆಯೇ ಆಯಿತು.

ಗೌರವದಿಂದ ಹೊಟ್ಟೆ ತುಂಬುವುದಿಲ್ಲ. ಆದ್ದರಿಂದ ಮಗ್ಗ ಬಂತು. ನೇಯ್ಗೆ ಅಸ್ಸಾಮಿನ ಹೆಂಗಸರಿಗೆ ಹುಟ್ಟಿನಿಂದ ಬಂದ ವಿದ್ಯೆ. ಮಗ್ಗ, ನೂಲು ಒದಗಿಸಿದಾಗ ಅವರು ಗಮೋಸಾ, ಮೇಖಲಾ ಚಾದರಗಳ ಅಂಚಿನಲ್ಲಿ ಹರ್ಗಿಲಾದ ಚಿತ್ತಾರ ನೇಯ್ದು ಮಾರತೊಡಗಿದರು. ಹಕ್ಕಿಯಿಂದ ಮನೆಗೆ ನಾಲ್ಕು ಕಾಸು ಬರುವುದು ಅದೇ ಮೊದಲು. 'ಹರ್ಗಿಲಾ ಸೇನೆ' ಎಂದು ಹೆಸರಾದ ಈ ಮಹಿಳೆಯರ ಪಡೆಯಲ್ಲಿ ಈಗ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಇದ್ದಾರೆ. ಉತ್ಸವಗಳಲ್ಲಿ ಅವರು ತಲೆಯ ಮೇಲೆ ಹಕ್ಕಿಯ ಮುಖವಾಡ ಧರಿಸಿ ನಿಂತ ಚಿತ್ರಗಳೇ ಪತ್ರಿಕೆಗಳಲ್ಲಿ ಹೆಚ್ಚು ಬಂದಿವೆ. ಗಾಳಿಮಳೆಗೆ ಗೂಡಿನಿಂದ ಜಾರಿ ಬಿದ್ದ ಮರಿಯನ್ನು ಎತ್ತಿ ಸುದ್ದಿ ಮುಟ್ಟಿಸುವ ಅವರ ನಿತ್ಯದ ಕೆಲಸಕ್ಕೆ ಅಷ್ಟು ಪ್ರಚಾರ ಸಿಕ್ಕಿಲ್ಲ.

ವಿಜ್ಞಾನವನ್ನು ಅವರು ಕೈಬಿಟ್ಟರು ಎಂದು ಇದರಿಂದ ತಿಳಿಯಬೇಕಾಗಿಲ್ಲ. ಪ್ರತಿ ಋತುವಿನಲ್ಲಿ ಗೂಡುಗಳ ಎಣಿಕೆ ನಡೆಯಿತು. ಈ ಹಕ್ಕಿ ಬೆಳಗ್ಗೆ ಜೌಗಿನಲ್ಲಿದ್ದರೆ ಮಧ್ಯಾಹ್ನ ಕಸದ ರಾಶಿಯ ಮೇಲಿರುತ್ತದೆ. ಒಂದನ್ನೇ ಎರಡು ಸಲ ಎಣಿಸುವ ಅಪಾಯವಿದೆ. ಗೂಡು ಹಾಗೆ ಓಡಾಡುವುದಿಲ್ಲ. 28 ಎಂಬ ಮೊದಲ ಎಣಿಕೆ ಇರದಿದ್ದರೆ 250ಕ್ಕೆ ಅರ್ಥವೇ ಇರುತ್ತಿರಲಿಲ್ಲ. ಮರದ ಕೆಳಗೆ ಬಲೆ ಕಟ್ಟಿ ಬೀಳುವ ಮರಿಗಳನ್ನು ಉಳಿಸುವುದು, ಗಾಯಗೊಂಡವನ್ನು ಗುವಾಹಟಿಯ ಅಸ್ಸಾಂ ರಾಜ್ಯ ಮೃಗಾಲಯದಲ್ಲಿ ಆರೈಕೆ ಮಾಡಿಸಿ ಮತ್ತೆ ಹಾರಿಬಿಡುವುದು ಕ್ರಮವಾಗಿ ನಡೆಯಿತು. 2017ರಲ್ಲಿ ಬಿದಿರಿನಿಂದ ಎತ್ತರದ ಅಟ್ಟಣಿಗೆಗಳನ್ನು ಕಟ್ಟಿ ಹಕ್ಕಿಗಳಿಗೆ ಬಿಟ್ಟುಕೊಡಲಾಯಿತು. ಎರಡು ವರ್ಷಗಳ ಬಳಿಕ ಅವುಗಳ ಮೇಲೆ ಮರಿಗಳು ಹುಟ್ಟಿದವು. ಕೃತಕ ಅಟ್ಟಣಿಗೆಯ ಮೇಲೆ ಹರ್ಗಿಲಾ ಮರಿ ಮಾಡಿದ್ದು ಜಗತ್ತಿನಲ್ಲಿ ಅದೇ ಮೊದಲು. ಅದೇ 2019ರಲ್ಲಿ ಪೂರ್ಣಿಮಾ ಅವರ ಪ್ರಬಂಧವೂ ಮುಗಿಯಿತು.

ನಮ್ಮ ಬೆಳ್ಳೂರು

ಕನ್ನಡಿಗರಿಗೆ ಈ ಕಥೆಯಲ್ಲಿ ಪರಿಚಿತವಾದದ್ದೇನೋ ಇದೆ ಎನಿಸಿದರೆ ಆಶ್ಚರ್ಯವಿಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ರೈತರ ಮನೆಯಂಗಳದ ಹುಣಸೆ, ಅರಳಿ, ಆಲದ ಮರಗಳಲ್ಲಿ. ಅಲ್ಲಿಯೂ ಹಿಕ್ಕೆ, ನಾತ, ಕೆಡುವ ಹುಣಸೆ ಫಸಲು ಎಲ್ಲವೂ ಇವೆ. ಆದರೆ ಊರವರು ಆ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುತ್ತಾರೆ. ಹಿಂದೆ ಪ್ಲೇಗ್ ಬಂದು ಊರು ಜಾಗ ಬದಲಿಸಿದಾಗ ಹಕ್ಕಿಗಳೂ ಹಿಂಬಾಲಿಸಿ ಬಂದವು ಎಂದು ಹಿರಿಯರು ಹೇಳುವುದುಂಟು. ದಾದರಾದಲ್ಲಿ ಒಬ್ಬ ವಿದ್ಯಾರ್ಥಿನಿ ಹೊಸದಾಗಿ ಕಟ್ಟಬೇಕಾಗಿ ಬಂದ ನಂಟು ಬೆಳ್ಳೂರಿನಲ್ಲಿ ತಲೆಮಾರುಗಳಿಂದ ಇತ್ತು.

ಹಾಗೆಂದು ಅಲ್ಲಿ ಎಲ್ಲವೂ ಭಾವನೆಯ ಮೇಲೆಯೇ ನಿಂತಿಲ್ಲ. ಹುಣಸೆ ಫಸಲಿನ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರಧನ ಕೊಡುವ ವ್ಯವಸ್ಥೆ ಮಾಡಿತು. ಹಿಕ್ಕೆ ಬೆರೆತ ಮಣ್ಣು ಹೊಲಕ್ಕೆ ಗೊಬ್ಬರವಾಯಿತು. 1990ರ ದಶಕದಲ್ಲಿ ಊರಿನ ಯುವಕರು ಸೇರಿ ಕಟ್ಟಿಕೊಂಡ 'ಹೆಜ್ಜಾರ್ಲೆ ಬಳಗ' ಬಿದ್ದ ಮರಿಗಳನ್ನು ಸಾಕಿ ಹಾರಿಬಿಡುವ ಕೆಲಸ ಮಾಡಿತು. ಖಾಸಗಿ ಅಥವಾ ಸಮುದಾಯದ ಜಮೀನಿನಲ್ಲಿ ಒಡೆತನ ಕಸಿಯದೆ ವನ್ಯಜೀವಿಯನ್ನು ಕಾಯಲು ಅವಕಾಶ ಕೊಡುವ 'ಸಮುದಾಯ ಮೀಸಲು' ಎಂಬ ವರ್ಗ ಕಾಯ್ದೆಗೆ ಸೇರಿದ್ದು 2002ರ ತಿದ್ದುಪಡಿಯಲ್ಲಿ. 2007ರಲ್ಲಿ ಬೆಳ್ಳೂರಿಗೆ ಆ ಸ್ಥಾನ ಸಿಕ್ಕಿತು.

ಊರಿನ ಒಲವಿಗೂ ಒಂದು ಎಲ್ಲೆಯಿದೆ ಎಂಬುದನ್ನು ಬೆಳ್ಳೂರೇ ತೋರಿಸಿಕೊಟ್ಟಿದೆ. 2017ರ ಕೊನೆಯಿಂದ 2018ರವರೆಗೆ ಅಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಹೊಟ್ಟೆಯಲ್ಲಿ ಪರಾವಲಂಬಿ ಹುಳುಗಳು ಪತ್ತೆಯಾದವು. ಇಂಥ ಹುಳು ಹಕ್ಕಿಯ ಹೊಟ್ಟೆ ಸೇರುವುದು ಕೆರೆಯ ಮೀನಿನ ಮೂಲಕ. ಮರವನ್ನು ಊರು ಕಾಯಬಹುದು, ಹಕ್ಕಿ ಹಾರಿ ಹೋಗಿ ಮೀನು ಹಿಡಿಯುವ ಹತ್ತೂರಿನ ಕೆರೆಗಳನ್ನು ಕಾಯುವವರಾರು?

ಮರದಾಚೆಯ ಪ್ರಶ್ನೆ

ಹರ್ಗಿಲಾದ ಮುಂದಿರುವ ಕಷ್ಟವೂ ಇದೇ. ಗುವಾಹಟಿಯ ಅಂಚಿನಲ್ಲಿರುವ ದೀಪರ್ ಬೀಲ್ ಎಂಬ ವಿಶಾಲ ಜೌಗು ಪ್ರದೇಶಕ್ಕೆ 2002ರಲ್ಲಿ ರಾಮ್ಸಾರ್ ಮಾನ್ಯತೆ ದೊರೆತಿದ್ದರೂ ರೈಲುಹಳಿ, ಬಡಾವಣೆ, ನಗರದ ಕೊಳಚೆಗಳ ಒತ್ತಡ ಅದರ ಮೇಲೆ ಬೀಳುತ್ತಲೇ ಬಂದಿದೆ. ಅದರ ಮಗ್ಗುಲಲ್ಲೇ ಬೋರಾಗಾಂವ್‌ನಲ್ಲಿ ವರ್ಷಗಟ್ಟಲೆ ನಗರದ ಕಸ ಸುರಿಯಲಾಯಿತು. ಆ ಕಸದ ಗುಡ್ಡದ ಮೇಲೆ ಕಸ ಆಯುವವರ ಜತೆ ಸಾಲಾಗಿ ನಿಂತ ಹರ್ಗಿಲಾಗಳ ಚಿತ್ರ ನೋಡಿದವರಿಗೆ ಮರೆಯುವಂಥದ್ದಲ್ಲ. ಪ್ಲಾಸ್ಟಿಕ್ ಮತ್ತು ವಿಷ ಬೆರೆತ ಆಹಾರ ಹಕ್ಕಿಯನ್ನು ಕೊಲ್ಲಬಲ್ಲದು. ಅದೇ ಕಸ ಬರಗಾಲದಲ್ಲಿ ಅದರ ಹೊಟ್ಟೆಯನ್ನೂ ತುಂಬಿಸಿದೆ. ಜೌಗು ನೆಲದಲ್ಲಿ ಮೀನು ಸಿಗುವಂತೆ ಮಾಡದೆ ಕಸವನ್ನು ಮಾತ್ರ ತೆಗೆದರೆ ಪೇಚು ಪರಿಹಾರವಾಗುವುದಿಲ್ಲ.

ಬೇರೆ ಕಡೆಗಳ ಅನುಭವವೂ ಒಂದೇ ತೆರನಾಗಿಲ್ಲ. ಭಾಗಲ್ಪುರದ ಬಳಿ ಕೋಸಿ ನದಿಯ ದಿಯಾರಾ ಪ್ರದೇಶದಲ್ಲಿ ಹರ್ಗಿಲಾ ಗೂಡು ಕಟ್ಟುವುದು ಪತ್ತೆಯಾದದ್ದು 2006ರಲ್ಲಿ. ಅಲ್ಲಿಯೂ ಮರಗಳು ಊರವರವೇ, ಕಾಯುವವರೂ ಅವರೇ. ಕಾಂಬೋಡಿಯಾದ ತೊನ್ಲೆ ಸಾಪ್ ಸರೋವರದಲ್ಲಿ ಮಾತ್ರ ಗೂಡುಗಳಿರುವುದು ನೀರಿನಲ್ಲಿ ಮುಳುಗಿದ ಕಾಡಿನಲ್ಲಿ. ಅಲ್ಲಿ ಕಾವಲುಗಾರರನ್ನು ನೇಮಿಸುವ ಹಳೆಯ ದಾರಿಯೇ ಫಲ ಕೊಟ್ಟಿದೆ. ಹಕ್ಕಿ ಒಂದೇ ಆದರೂ ನೆಲದ ಒಡೆತನ ಬದಲಾದಂತೆ ಉಪಾಯವೂ ಬದಲಾಗಬೇಕಾಯಿತು.

ನಮ್ಮ ವಿದ್ಯಾರ್ಥಿಗಳಿಗೆ ಈ ಕ್ಷೇತ್ರದ ಬಾಗಿಲು ಹಿಂದಿನಷ್ಟು ಕಿರಿದಾಗಿಲ್ಲ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ 2004ರಲ್ಲಿ ವನ್ಯಜೀವಿ ವಿಜ್ಞಾನ ಮತ್ತು ಸಂರಕ್ಷಣೆಯ ಸ್ನಾತಕೋತ್ತರ ಶಿಕ್ಷಣ ಆರಂಭವಾಯಿತು. ಶಿವಮೊಗ್ಗ ಜಿಲ್ಲೆಯ ಕುವೆಂಪು ವಿಶ್ವವಿದ್ಯಾನಿಲಯದಲ್ಲೂ ಈ ವಿಷಯ ಕಲಿಯಬಹುದು. ಆಸಕ್ತರಲ್ಲಿ ಹೆಚ್ಚಿನವರ ಕಣ್ಣು ಹುಲಿ, ಚಿರತೆಗಳ ಮೇಲೆ ಇರುವುದು ಸಹಜ. ಆದರೆ ರಾಜ್ಯದ ಕೆರೆಯಂಗಳ, ಗೋಮಾಳ, ಹೊಲದ ಬದುಗಳಲ್ಲಿ, ಅಂದರೆ ಯಾವ ಅಭಯಾರಣ್ಯದ ನಕ್ಷೆಗೂ ಸೇರದ ಜಾಗಗಳಲ್ಲಿ ಬದುಕುವ ಜೀವಿಗಳೂ ಇವೆ. ಅವುಗಳನ್ನು ಅರಸಿ ಹೋದವರು ಜನರ ಬಾಗಿಲನ್ನು ತಟ್ಟಲೇಬೇಕಾಗುತ್ತದೆ. ಪಠ್ಯಕ್ರಮದಲ್ಲಿ ಅದಕ್ಕೆ ಸಿಕ್ಕಿರುವ ಜಾಗ ಕಡಿಮೆಯೆಂದೇ ಹೇಳಬೇಕು.

ಪೂರ್ಣಿಮಾ ಅವರಿಗೆ 2017ರಲ್ಲಿ ಬ್ರಿಟನ್ನಿನ ವಿಟ್ಲಿ ಪ್ರಶಸ್ತಿ, ಅದೇ ವರ್ಷದ ನಾರೀ ಶಕ್ತಿ ಪುರಸ್ಕಾರ, 2024ರಲ್ಲಿ ಒಂದು ಲಕ್ಷ ಪೌಂಡ್ ಮೊತ್ತದ ವಿಟ್ಲಿ ಚಿನ್ನದ ಪ್ರಶಸ್ತಿ ಬಂದಿವೆ. 2025ರಲ್ಲಿ 'ಟೈಮ್' ಪತ್ರಿಕೆ ವರ್ಷದ ಮಹಿಳೆಯರ ಪಟ್ಟಿಯಲ್ಲಿ ಅವರ ಹೆಸರು ಸೇರಿಸಿತು. ಚಿನ್ನದ ಪ್ರಶಸ್ತಿಯ ಹೊತ್ತಿಗೆ ಅಸ್ಸಾಮಿನ ಹರ್ಗಿಲಾಗಳ ಸಂಖ್ಯೆ 1,800 ದಾಟಿತ್ತು. ಜಗತ್ತಿನಲ್ಲಿರುವ ಒಟ್ಟು ಸಂಖ್ಯೆಯನ್ನು 2030ರೊಳಗೆ 5,000ಕ್ಕೆ ಏರಿಸುವುದು, ಸೇನೆಯ ಬಲವನ್ನು ಇಪ್ಪತ್ತು ಸಾವಿರ ಮಹಿಳೆಯರಿಗೆ ಹೆಚ್ಚಿಸುವುದು ಮುಂದಿನ ಗುರಿ.

ಅಷ್ಟು ಹಕ್ಕಿಗಳಿಗೆ ಮರಗಳೂ ಬೇಕು. 2022ರ ವೇಳೆಗೆ ಹಳ್ಳಿಗರು ಗೂಡಿನ ಮರಗಳ ಸುತ್ತಮುತ್ತ ಹಾಗೂ ಜೌಗಿನ ಬದಿಯಲ್ಲಿ 45,000 ಸಸಿಗಳನ್ನು ನೆಟ್ಟಿದ್ದರು. ಐದಡಿ ಎತ್ತರದ ಹಕ್ಕಿಗಳ ಸಂಸಾರವನ್ನು ತಾಳುವಷ್ಟು ಅವು ಬೆಳೆಯಲು ಇನ್ನೂ ಅನೇಕ ಮಳೆಗಾಲಗಳು ಕಳೆಯಬೇಕು. ಅಲ್ಲಿಯವರೆಗೆ ಹರ್ಗಿಲಾಗಳು ಬಂದಿಳಿಯುವುದು ಅದೇ ಹಳೆಯ ಹಿತ್ತಿಲುಗಳ ಕದಂಬ, ಬೂರುಗಗಳಿಗೆ. ಕೆಳಗಿನ ಅಂಗಳವನ್ನು ಪ್ರತಿದಿನ ಬೆಳಗ್ಗೆ ಗುಡಿಸುವವರು ಅದೇ ಮನೆಗಳ ಹೆಂಗಸರು.